ಕಪ್ಪು ಕಾರಿಗೆ ಪಟ್ಟೆ ಸೀರೆ

ಮಜ್ಜಿಗೆಯ ಲೋಟ ಹಿಡಿದು ಶೆಡ್ಡಿನೊಳಗೆ ಕಾಲಿಟ್ಟ ಗಂಗರತ್ನ ಅಲ್ಲೇ ನಿಂತುಬಿಟ್ಟಳು. ಕಾರಿನ ಮುಂದೆ ಒಬ್ಬ ಯುವಕ ಮಂಡಿಯೂರಿ ಕುಳಿತಿದ್ದ. ಬೆನ್ನು ಇವಳ ಕಡೆಗಿತ್ತು, ಆದರೆ ಕಣ್ಣು ಬಾನೆಟ್ಟಿನ ಕಪ್ಪು ಬಣ್ಣದಲ್ಲಿ ಮೂಡಿದ್ದ ಇವಳ ಬಿಂಬದ ಮೇಲಿತ್ತು. ತಲೆಯನ್ನು ಒಮ್ಮೆ ಎಡಕ್ಕೆ ವಾಲಿಸಿ ನೋಡಿದ, ಒಮ್ಮೆ ಬಲಕ್ಕೆ. ಕದ್ದು ನೋಡುವವರನ್ನು ಅವಳು ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಬೇಕಾದಷ್ಟು ಕಂಡಿದ್ದಳು. ಇಷ್ಟು ನಿಧಾನವಾಗಿ, ಇಷ್ಟು ಶ್ರದ್ಧೆಯಿಂದ ನೋಡುವವನನ್ನು ಕಂಡಿರಲಿಲ್ಲ.

“ಏನ್ರೀ ಅದು, ಹಂಗೆ ನೋಡ್ತಿದೀರ?”

ಅವನು ತಿರುಗಲಿಲ್ಲ. “ಅಲ್ಲಾಡ್ಬೇಡಿ.”

“ಏನಂದ್ರಿ?”

“ಒಂದು ನಿಮಿಷ, ಅಲ್ಲಾಡ್ಬೇಡಿ. ನಾನು ನಿಮ್ಮನ್ನ ನೋಡ್ತಿಲ್ಲ. ನಿಮ್ಮ ಸೀರೆ ನೋಡ್ತಿದೀನಿ.”

ಇದನ್ನು ಕೇಳಿ ಸಮಾಧಾನ ಪಡಬೇಕೋ ಸಿಟ್ಟಾಗಬೇಕೋ ಗಂಗರತ್ನಳಿಗೆ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ, ಸ್ವಲ್ಪ ಬೇಜಾರೂ ಆಯಿತು. ಅವಳು ಉಟ್ಟಿದ್ದದ್ದು ಮನೆಯಲ್ಲಿ ಉಡುವ ನೂಲಿನ ಸೀರೆ. ಬಿಳಿಯ ಮೇಲೆ ಉದ್ದುದ್ದ ನೀಲಿ ಪಟ್ಟೆ, ಅಷ್ಟೇ.

“ಇಲ್ಲಿ ನೋಡಿ.” ಅವನು ಬಾನೆಟ್ಟಿನ ಮೇಲೆ ಬೆರಳಿಟ್ಟ. “ನಿಮ್ಮ ಸೀರೆ ಗೆರೆ ನೆಟ್ಟಗೆ ಬರ್ತಾ ಇದೆ. ಇಲ್ಲಿ ಬಂದು ಬಗ್ತು. ಅಂದ್ರೆ ಇಲ್ಲೊಂದು ನೆಗ್ಗು. ಬರೀ ತಗಡು ನೋಡಿದ್ರೆ ಸಣ್ಣ ನೆಗ್ಗು ಕಾಣಲ್ಲ. ಗೆರೆ ಬೇಕು. ಬೆಳಗಿಂದ ಹುಡುಕ್ತಿದೀನಿ, ಈ ಮನೇಲಿ ಒಂದು ಗೋಡೆನೂ ನೆಟ್ಟಗಿಲ್ಲ.”

“ನಮ್ಮ ಮನೆ ಗೋಡೆ ಸುದ್ದಿ ನಿಮಗ್ಯಾಕೆ?”

“ಇನ್ನು ಬೇಡ ಬಿಡಿ. ನೀವು ಬಂದ್ರಲ್ಲ.”

ಹಾಗೆಂದು ಮೊದಲ ಸಲ ನಕ್ಕ. ಆ ನಗುವನ್ನೂ ಅವಳು ಬಾನೆಟ್ಟಿನಲ್ಲೇ ನೋಡಿದಳು. ಅಲ್ಲೊಂದು ನೆಗ್ಗು ಇದ್ದುದರಿಂದ ನಗು ಸ್ವಲ್ಪ ಸೊಟ್ಟಗಿತ್ತು.

ಅದು ಎಪ್ಪತ್ತೊಂಬತ್ತರ ಬೇಸಿಗೆ. ಶ್ರೀನಿವಾಸಪುರದ ತೋಟಗಳಲ್ಲಿ ಕೊಂಬೆಗಳು ನೆಲ ಮುಟ್ಟುವಷ್ಟು ಮಾವು ಬಿಟ್ಟಿತ್ತು. ಗಂಗರತ್ನಳ ತಂದೆ ಕೋದಂಡರಾಮಪ್ಪನವರು ಹರೆಯದಲ್ಲಿ ಕೆ.ಜಿ.ಎಫ್. ಗಣಿಯ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಅಲ್ಲಿನ ಇಂಗ್ಲಿಷ್ ದೊರೆಯೊಬ್ಬ ಊರಿಗೆ ಹೊರಟಾಗ ತನ್ನ ಕಪ್ಪು ಮಾರಿಸ್ ಮೈನರ್ ಕಾರನ್ನು ಇವರಿಗೆ ಒಪ್ಪಿಸಿ ಹೋಗಿದ್ದ. ಉಬ್ಬಿದ ಮೈಯ ಆ ಗಾಡಿಯನ್ನು ಊರು ‘ಬೋಂಡಾ ಕಾರು’ ಎಂದು ಕರೆಯುತ್ತಿತ್ತು. ಕೋದಂಡರಾಮಪ್ಪನವರ ಎದುರಿಗೆ ಮಾತ್ರ ಯಾರೂ ಹಾಗೆನ್ನುತ್ತಿರಲಿಲ್ಲ. ಅದರ ಬಣ್ಣ ಇಂಗ್ಲೆಂಡಿನಲ್ಲಿ ಹಚ್ಚಿದ್ದು, ಇಷ್ಟು ವರ್ಷವಾದರೂ ಅದರಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದು ಎಂದು ಅವರು ಹೇಳುತ್ತಿದ್ದರು. ಹೇಳಿದ್ದಷ್ಟೇ ಅಲ್ಲ, ಒಂದೆರಡು ಸಲ ಮಾಡಿಕೊಂಡೂ ಇದ್ದರು.

ಆ ವರ್ಷ ಕಾಯಿ ಕಿತ್ತು ಹಣ್ಣಿಗೆ ಹಾಕಲು ಜಾಗ ಸಾಲದೆ, ಶೆಡ್ಡಿನೊಳಗೆ ಹುಲ್ಲು ಹಾಸಿ ಮಾವು ತುಂಬಿದರು. ಕಾರು ಹೊರಗೆ ಹೋಯಿತು. ಹೊರಗೆ ಎಂದರೆ ಮಾವಿನ ಮರದ ಕೆಳಗೆ. ಫಲ ಹೊತ್ತ ಮರದ ಕೆಳಗೆ ಆ ಊರಿನಲ್ಲಿ ಎಮ್ಮೆಯನ್ನೂ ಕಟ್ಟುವುದಿಲ್ಲ. ಆದರೆ ಬಿಸಿಲಿಗೆ ಬಣ್ಣ ಮಾಸುತ್ತದೆ ಎಂಬ ಚಿಂತೆಯಲ್ಲಿ ಯಜಮಾನರಿಗೆ ಅದು ಹೊಳೆಯಲಿಲ್ಲ. ಅದೇ ಸಂಜೆ ಗಾಳಿ ಎದ್ದಿತು. ತೋತಾಪುರಿ ಕಾಯಿಗಳು ದಬದಬ ಉದುರಿ ಬಾನೆಟ್ಟು, ಟಾಪು, ಡಿಕ್ಕಿ ಎಲ್ಲ ಕಡೆ ನೆಗ್ಗಿಹೋದವು.

ಚಿಂತಾಮಣಿಯಿಂದ ಬಂದ ಟಿಂಕರಿಂಗ್ ಮೇಸ್ತ್ರಿ ಕಾರಿನ ಸುತ್ತ ಒಂದು ಸುತ್ತು ಹಾಕಿ, “ಸುತ್ತಿಗೇಲಿ ತಟ್ಟಿ, ಪುಟ್ಟಿ ಹಾಕಿ, ಹೊಸ ಬಣ್ಣ ಹೊಡೀಬೇಕು” ಎಂದ. ಕೋದಂಡರಾಮಪ್ಪನವರು ಎರಡು ದಿನ ಊಟ ಬಿಟ್ಟರು. ಆಮೇಲೆ ಯಾರೋ ಮುಳಬಾಗಿಲಿನ ಮುನಿಕೃಷ್ಣನ ಹೆಸರು ಹೇಳಿದರು. ಅವನ ತಂದೆ ನರಸಿಂಹಪ್ಪ ಹಿತ್ತಾಳೆ ಬಿಂದಿಗೆಗಳ ನೆಗ್ಗು ತೆಗೆಯುವುದರಲ್ಲಿ ಹೆಸರುವಾಸಿ. ಮಗ ಅದೇ ಕೈಚಳಕವನ್ನು ಕಾರಿಗೆ ಹಚ್ಚಿದ್ದ. ಬಣ್ಣ ಮುಟ್ಟುವುದಿಲ್ಲ, ಸುತ್ತಿಗೆ ಎತ್ತುವುದಿಲ್ಲ. ತಗಡಿನ ಹಿಂಬದಿಗೆ ಕೊಕ್ಕೆಕಂಬಿ ತೂರಿಸಿ ಒಳಗಿನಿಂದಲೇ ಒತ್ತಿ ಒತ್ತಿ ಸರಿಮಾಡುತ್ತಾನೆ ಎಂದರು.

ಕೋದಂಡರಾಮಪ್ಪನವರಿಗೆ ಅವಸರವಿತ್ತು. ಮಾಲೂರಿನ ಇಟ್ಟಿಗೆಗೂಡಿನ ಮನೆತನದವರು ಗಂಗರತ್ನಳನ್ನು ನೋಡಲು ಬರುವವರಿದ್ದರು. ಬೀಗರಾಗುವವರನ್ನು ಹೋಗಿ ತಮ್ಮ ಕಾರಿನಲ್ಲೇ ಕರೆತರುವುದಾಗಿ ಇವರು ಮಾತು ಕೊಟ್ಟಿದ್ದರು.

“ಮುಂದಿನ ಶುಕ್ರವಾರಕ್ಕೆ ಕಾರು ರೆಡಿ ಆಗ್ಬೇಕಪ್ಪ,” ಎಂದರು ಮುನಿಕೃಷ್ಣನಿಗೆ. “ಮಗಳ ವಿಷಯ.”

“ಆಗುತ್ತೆ ಯಜಮಾನ್ರೆ,” ಎಂದ ಮುನಿಕೃಷ್ಣ. ಆಗ ಅವನಿಗೆ ಮಗಳು ಯಾರೆಂದು ಗೊತ್ತಿರಲಿಲ್ಲ.

*

ಕಾರನ್ನು ಖಾಲಿಯಾದ ಶೆಡ್ಡಿಗೆ ತಂದು ನಿಲ್ಲಿಸಿದ್ದರು. ಒಳಗೆಲ್ಲ ಹುಲ್ಲಿನದೂ ಹಣ್ಣಿನದೂ ವಾಸನೆ. ಹೆಂಚಿನ ಸಂದಿಯಿಂದ ಬಿಸಿಲು ಕೋಲುಕೋಲಾಗಿ ಇಳಿಯುತ್ತಿತ್ತು. ಮುನಿಕೃಷ್ಣ ಬೆಳಿಗ್ಗೆಯ ಬಸ್ಸಿಗೆ ಬಂದು, ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ತಗಡಿನ ಮೇಲೆ ಹಾಸಿ ಸ್ವಲ್ಪ ಹೊತ್ತು ಕಾಯುತ್ತಿದ್ದ. ಹಳೇ ಬಣ್ಣ ತಣ್ಣಗಿದ್ದಾಗ ಒತ್ತಿದರೆ ಬಿರುಕು ಬಿಡುತ್ತದಂತೆ. ಬೆಚ್ಚಗಾದ ಮೇಲೆ ಒಂದು ಕೈಯಲ್ಲಿ ಕಂಬಿಯನ್ನು ಒಳಗೆ ತೂರಿಸಿ, ಇನ್ನೊಂದು ಕೈಯ ಬೆರಳುಗಳನ್ನು ಹೊರಗಿಟ್ಟು, ಬಿಂಬದಲ್ಲಿ ಕಣ್ಣು ನೆಟ್ಟು ಒತ್ತುತ್ತಿದ್ದ.

ಆ ಬಿಂಬದಲ್ಲಿ ಗಂಗರತ್ನ ನಿಂತಿರಬೇಕಾಗಿತ್ತು.

ಮೊದಲ ದಿನ ಅವಳು, “ಸೀರೆ ತಾನೆ ಬೇಕು? ಹಗ್ಗದ ಮೇಲೆ ಹರವಿಬಿಡ್ತೀನಿ” ಎಂದಿದ್ದಳು.

ಮುನಿಕೃಷ್ಣ ತಲೆ ಕೆರೆದುಕೊಂಡ. “ಹರವಬಹುದು... ಗಾಳಿಗೆ ಅಲ್ಲಾಡುತ್ತೆ. ಗೆರೆ ನಿಲ್ಲಲ್ಲ.”

“ಹೌದಲ್ವಾ,” ಎಂದಳು ಗಂಗರತ್ನ. ಕೋಲಾರದ ಕಾಲೇಜಿನಲ್ಲಿ ಬಿ.ಎ. ಮಾಡಿದವಳು ಅಷ್ಟಕ್ಕೇ ಒಪ್ಪಿಬಿಟ್ಟಳು.

ಅವನ ಹಿಂದೆ ಒಂದು ಮಾರು ದೂರದಲ್ಲಿ ನಿಂತು ಅವಳು ಹುಣಸೆಹಣ್ಣು ಬಿಡಿಸುತ್ತಲೋ, ಹೂವು ಕಟ್ಟುತ್ತಲೋ ಇರುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೇರವಾಗಿ ನೋಡುತ್ತಿರಲಿಲ್ಲ. ನೋಡುವುದೆಲ್ಲ ಕಾರಿನೊಳಗೆ. ಕಪ್ಪಿನ ಆಳದಲ್ಲಿ ಅವಳ ಬಿಳಿ ಸೀರೆ ತೇಲುತ್ತಿತ್ತು, ಅದರ ಮುಂದೆ ಅವನ ಮುಖ. ಅವನು ಕಣ್ಣೆತ್ತಿದರೆ ಅವಳು ಹೂವಿಗೆ ಕಣ್ಣಿಳಿಸುತ್ತಿದ್ದಳು. ಅವಳು ಕಣ್ಣೆತ್ತಿದಾಗ ಅವನಿಗೆ ಥಟ್ಟನೆ ಯಾವುದೋ ಗೆರೆಯ ಮೇಲೆ ಬಹಳ ಕೆಲಸ ಬರುತ್ತಿತ್ತು. ಕೆಲವೊಮ್ಮೆ ಇಬ್ಬರ ಲೆಕ್ಕವೂ ತಪ್ಪಿ ಕಣ್ಣುಗಳು ಅಲ್ಲಿ ಒಳಗೆ ಸಂಧಿಸಿಬಿಡುತ್ತಿದ್ದವು.

“ಇವತ್ತು ನಿಮ್ಮ ಮೂಗು ಸರಿಹೋಯ್ತು,” ಎಂದ ಒಂದು ದಿನ.

“ನನ್ನ ಮೂಗಿಗೇನಾಗಿತ್ತು?”

“ನಿನ್ನೆವರೆಗೂ ಬದನೆಕಾಯಿ ಥರ ಇತ್ತು. ಇಲ್ಲಿ, ಈ ನೆಗ್ಗಲ್ಲಿ.”

“ಅಯ್ಯೋ! ಮತ್ತೆ ಹೇಳೋದಲ್ವಾ? ಆಚೆ ಸರಿದು ನಿಲ್ತಿದ್ದೆ.”

“ಅದಕ್ಕೇ ಹೇಳ್ಲಿಲ್ಲ.”

ಇನ್ನೊಂದು ದಿನ ಅವಳೇ ಕೇಳಿದಳು. “ಸುತ್ತಿಗೆ ಯಾಕೆ ಬೇಡ ಅಂತೀರ? ಬೇಗ ಆಗಲ್ವಾ?”

“ಹೊಡೆದ್ರೆ ತಗಡು ಹಿಗ್ಗಿಬಿಡುತ್ತೆ. ಆಮೇಲೆ ಅದು ಮೊದಲಿನ ಥರ ಆಗಲ್ಲ.” ಅವನು ಕಂಬಿಯನ್ನು ಕೂದಲೆಳೆಯಷ್ಟು ತಿರುಗಿಸಿದ. “ನಮ್ಮಪ್ಪ ಹೇಳ್ತಿರ್ತಾರೆ, ತಗಡಿಗೆ ತಾನು ಹೆಂಗಿದ್ದೆ ಅಂತ ನೆನಪಿರುತ್ತೆ, ನಾವು ಒಳಗಿಂದ ಸ್ವಲ್ಪ ಜ್ಞಾಪಿಸ್ಬೇಕು ಅಷ್ಟೇ ಅಂತ.”

ಹಾಗೆ ಹೇಳುವಾಗ ಅವನ ದನಿ ತಗ್ಗಿತ್ತು. ಗಂಗರತ್ನಳಿಗೆ ಆ ದನಿಯ ಮೇಲೆ ಆಸೆಯಾಯಿತು. ಆಸೆ ಎಂದೇ ಹೇಳಬೇಕು, ಬೇರೆ ಮಾತಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ತಂದೆ ಏನೋ ಕೇಳಿದರೆ ಅವಳು ಇನ್ನೇನೋ ಉತ್ತರ ಕೊಟ್ಟಳು.

ಸೋದರತ್ತೆ ಅಂಜಮ್ಮ, ಅಂದರೆ ಕೋದಂಡರಾಮಪ್ಪನವರ ಅಕ್ಕ, ತಾಯಿಯಿಲ್ಲದ ಗಂಗರತ್ನಳನ್ನು ಎತ್ತಿ ಆಡಿಸಿ ಬೆಳೆಸಿದವರು. ಒಂದು ಬೆಳಿಗ್ಗೆ ಅವರು ಹಗ್ಗದ ಮೇಲಿದ್ದ ಸೀರೆಯನ್ನು ಮುಟ್ಟಿ ನೋಡಿದರು.

“ಏಮೇ ರತ್ನ, ರಾತ್ರಿ ಒಗೀತೀಯ, ಬೆಳಿಗ್ಗೆ ಉಡ್ತೀಯ. ಬೀರುವಿನಲ್ಲಿರೋ ಸೀರೆಗಳು ನಿನಗೇನು ಪಾಪ ಮಾಡಿದ್ವೇ?”

“ಇದರಲ್ಲಿ ಪಟ್ಟೆ ಇದೆ ಅತ್ತೆ. ಕಾರಿನ ಕೆಲಸಕ್ಕೆ ಬೇಕು.”

“ಪಟ್ಟೆ ಬೇಕಾದ್ರೆ ಹಗ್ಗಕ್ಕೆ ಹಾಕೇ.”

“ಗಾಳಿಗೆ ಅಲ್ಲಾಡುತ್ತಂತೆ.”

ಅಂಜಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಶೆಡ್ ಒಳಗೆ ಗಾಳಿ ಎಲ್ಲಿಂದ ಬಂತೇ?”

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಮನೆಯವರಿಗೆ ಕಾಣುವುದಿಲ್ಲವೇ? ಗಂಗರತ್ನ ಕಿವಿಯವರೆಗೂ ಕೆಂಪಾಗಿ ಓಡಿದಳು. ಶೆಡ್ಡಿಗೇ ಓಡಿದಳು.

*

ಮಾಲೂರಿನ ಗಂಡಿನ ಫೋಟೋ ದೇವರ ಗೂಡಿನಲ್ಲಿತ್ತು. ನೋಡಲು ಲಕ್ಷಣವಾಗಿದ್ದ. ಓದಿದ್ದ. ಒಳ್ಳೆಯವನೂ ಇರಬಹುದು. ಬೇಡ ಎನ್ನಲು ಅವನಲ್ಲಿ ಒಂದು ಕುಂದೂ ಇರಲಿಲ್ಲ, ಗಂಗರತ್ನಳ ಕಷ್ಟವೇ ಅದು. ಕಾರು ಸರಿಹೋದ ದಿನ ಅವನು ಬರುತ್ತಾನೆ. ಬಂದರೆ ಒಪ್ಪುತ್ತಾನೆ. ಒಪ್ಪಿದ ಮೇಲೆ ಮಾತು ಮುಗಿಯಿತು. ದಿನದಿನಕ್ಕೆ ಬಾನೆಟ್ಟಿನಲ್ಲಿ ಅವಳ ಸೀರೆಯ ಗೆರೆಗಳು ನೆಟ್ಟಗಾಗುತ್ತಿದ್ದವು, ಅವಳ ಎದೆ ಭಾರವಾಗುತ್ತಿತ್ತು.

“ಶುಕ್ರವಾರ ಯಾರೋ ಬರ್ತಾರಂತೆ,” ಎಂದ ಮುನಿಕೃಷ್ಣ, ಡಿಕ್ಕಿಯೊಳಗೆ ತಲೆ ಹಾಕಿಕೊಂಡು.

“ಹೌದು. ನನ್ನ ನೋಡೋಕೆ.”

ಅವನು ಕಂಬಿಯನ್ನು ಹೊರಗೆಳೆದು, ಒರೆಸಿದ್ದನ್ನೇ ಮತ್ತೆ ಒರೆಸಿದ.

ಆಮೇಲೆ ಅವನ ಕೆಲಸ ಹಿಂದಿನಂತೆ ಓಡಲಿಲ್ಲ. ಒಂದೇ ಜಾಗವನ್ನು ಮತ್ತೆ ಮತ್ತೆ ಸವರುತ್ತಿದ್ದ. ಗಂಗರತ್ನ ಬಿಂಬದಲ್ಲಿ ನೋಡಿದಳು. ಗೆರೆ ದಾರ ಹಿಡಿದು ಎಳೆದಷ್ಟು ನೆಟ್ಟಗಿತ್ತು.

“ಇದು ಸರಿಹೋಗಿದೆಯಲ್ವಾ?”

“ನಿಮಗೆ ಹಂಗೆ ಕಾಣ್ಸುತ್ತೆ.”

“ನಿಮಗೆ?”

ಅವನು ಬಿಂಬದಲ್ಲಿ ಅವಳನ್ನು ನೋಡಿದ. ಈ ಸಲ ಕಣ್ಣು ತಪ್ಪಿಸಲಿಲ್ಲ. “ನನಗೂ ಹಂಗೇ ಕಾಣ್ಸುತ್ತೆ,” ಎಂದ.

ಅವಳು ಕಾದಳು. ಅವನು ಇನ್ನೊಂದು ಮಾತು ಆಡಬಹುದಿತ್ತು. ಆದರೆ ಆಡಲಿಲ್ಲ. ಪಾತ್ರೆ ರಿಪೇರಿಯವನ ಮಗ, ತೋಟದ ಯಜಮಾನರ ಮಗಳಿಗೆ ಯಾವ ಮಾತು ಹೇಳಿಯಾನು? ಬುಧವಾರ ಸಂಜೆ ಕಂಬಿಗಳನ್ನೆಲ್ಲ ಒರೆಸಿ ಚೀಲಕ್ಕೆ ತುಂಬಿದ. ಕೋದಂಡರಾಮಪ್ಪನವರು ಬಾನೆಟ್ಟಿನ ಮೇಲೆ ಬಗ್ಗಿ, ಕಣ್ಣು ಕಿರಿದು ಮಾಡಿ, ಎಲ್ಲಿಯೂ ಒಂದು ಕುಂದು ಸಿಗದೆ ಖುಷಿಯಿಂದ ಅವನ ಭುಜ ತಟ್ಟಿದರು. ಅವನು ಕೈಮುಗಿದು ಬಸ್ಸಿಗೆ ನಡೆದ. ಬಾಗಿಲ ಸಂದಿಯಲ್ಲಿ ನಿಂತಿದ್ದ ಪಟ್ಟೆ ಸೀರೆಯ ಕಡೆ ತಿರುಗಿ ನೋಡಲಿಲ್ಲ. ನೋಡಿದರೆ ಹೋಗಲಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಗುರುವಾರ ಮಧ್ಯಾಹ್ನ ಮನೆಯೆಲ್ಲ ನಿದ್ದೆ ಹೋದಾಗ ಗಂಗರತ್ನ ಕುಟ್ಟಾಣಿಯ ಕಲ್ಲುಗುಂಡು ತೆಗೆದುಕೊಂಡು ಶೆಡ್ಡಿಗೆ ಹೋದಳು.

ಗುಂಡಿಗೆ ಮೆತ್ತನೆಯ ಬಟ್ಟೆ ಸುತ್ತಿದಳು. ಬಣ್ಣ ಹೋಗಬಾರದು. ಹೋದರೆ ಚಿಂತಾಮಣಿಯ ಮೇಸ್ತ್ರಿ ಬರುತ್ತಾನೆ. ಬಾನೆಟ್ಟಿನ ಮೇಲೆ ಕೈ ಎತ್ತಿದಳು. ಆಗಲಿಲ್ಲ. ಅಲ್ಲಿ ಅವನ ಬೆರಳು ಓಡಾಡದ ಜಾಗವೇ ಇರಲಿಲ್ಲ. ಟಾಪಿನ ಕಡೆ ನೋಡಿದಳು, ಅಲ್ಲೂ ಅಷ್ಟೇ. ಅವನು ಅಷ್ಟು ದಿನ ಕೂತು ಸರಿಮಾಡಿದ್ದನ್ನು ಹಾಳುಮಾಡಲು ಅವಳಿಗೆ ಮನಸ್ಸು ಬರಲಿಲ್ಲ. ಕೊನೆಗೆ ಅವನು ಕೈಯಿಡದೆ ಬಿಟ್ಟಿದ್ದ ಒಂದೇ ಜಾಗಕ್ಕೆ, ಡ್ರೈವರ್ ಕಡೆಯ ಬಾಗಿಲಿಗೆ, ಕಣ್ಣು ಮುಚ್ಚಿ ಒಂದೇಟು ಹಾಕಿದಳು. ಒಂದು ಹಸಿ ತೋತಾಪುರಿಯನ್ನು ತಂದು ಪಕ್ಕದಲ್ಲಿ ನೆಲದ ಮೇಲಿಟ್ಟಳು. ಆಮೇಲೆ ಅಲ್ಲೇ ಕುಳಿತು ಅತ್ತಳು.

*

ಸಂಜೆ ಕಾರು ಒರೆಸಲು ಹೋದ ಕೋದಂಡರಾಮಪ್ಪನವರ ಕೂಗು ತೋಟದ ಆಚೆಗೂ ಕೇಳಿಸಿತು. ಕಡೆಯ ಬಸ್ಸಿನ ಕಂಡಕ್ಟರನ ಕೈಯಲ್ಲಿ ಮುಳಬಾಗಿಲಿಗೆ ಹೇಳಿಕಳಿಸಿದರು. ಶುಕ್ರವಾರ ಬೆಳಗಿನ ಮೊದಲ ಬಸ್ಸಿಗೇ ಮುನಿಕೃಷ್ಣ ಬಂದಿಳಿದ. ತಲೆ ಸಹ ಬಾಚಿರಲಿಲ್ಲ.

ಕೋದಂಡರಾಮಪ್ಪನವರು ಮಾಲೂರಿಗೆ ಹೊರಡಲು ಬಿಳಿ ಪಂಚೆ, ಜರತಾರಿ ಶಲ್ಯದಲ್ಲಿ ಸಿದ್ಧರಾಗಿ ಶೆಡ್ಡಿನಲ್ಲಿ ನಿಂತಿದ್ದರು. ಕೈಯಲ್ಲಿ ಆ ತೋತಾಪುರಿ ಇತ್ತು.

“ಬಾರಪ್ಪ ಬಾ. ನಾನು ಹುಟ್ಟಿದಾಗಿಂದ ಮಾವಿನ ತೋಟದಲ್ಲಿರೋನು. ಕಾಯಿ ಮೇಲಿಂದ ಕೆಳಕ್ಕೆ ಬೀಳೋದು ನೋಡಿದೀನಿ. ಹೆಂಚಿನ ಶೆಡ್ ಒಳಗೆ, ಅಡ್ಡಡ್ಡ ಹಾರಿಬಂದು ಬಾಗಿಲಿಗೆ ಹೊಡೆಯೋ ಕಾಯಿ ನೋಡಿರ್ಲಿಲ್ಲ. ನೀನು ನೋಡಿದೀಯಾ?”

ಶೆಡ್ಡಿನ ಬಾಗಿಲ ಮರೆಯಲ್ಲಿ ಗಂಗರತ್ನ ಕೇಳಿಸಿಕೊಳ್ಳುತ್ತಿದ್ದಳು. ಅಡ್ಡಡ್ಡ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

ಮುನಿಕೃಷ್ಣ ಕಾರಿನ ಬಾಗಿಲ ಮುಂದೆ ಕುಳಿತು ಆ ನೆಗ್ಗಿನ ಮೇಲೆ ಬೆರಳಾಡಿಸಿದ. ಅಂಚು ಮೆತ್ತಗಿತ್ತು. ಬಣ್ಣದ ಮೇಲೆ ಒಂದು ಗೀರೂ ಇರಲಿಲ್ಲ. ಹೊಡೆದವರು ಬಟ್ಟೆ ಸುತ್ತಿ ಹೊಡೆದಿದ್ದಾರೆ, ಕಾರಿಗೆ ನೋವಾಗದ ಹಾಗೆ ಹೊಡೆದಿದ್ದಾರೆ. ಅವನು ಕಣ್ಣೆತ್ತಿ ಬಾಗಿಲಿನ ಕಪ್ಪಿನಲ್ಲಿ ನೋಡಿದ. ಹಿಂದೆ ಪಟ್ಟೆ ಸೀರೆ ನಿಂತಿತ್ತು. ಅದರ ಗೆರೆಗಳು ಆ ನೆಗ್ಗಿನಲ್ಲಿ ಬಗ್ಗಿ ನಡುಗುತ್ತಿದ್ದವು. ಅವನಿಗೆ ಎಲ್ಲ ಅರ್ಥವಾಯಿತು.

“ಕೆಲಸ ಮುಗೀತು, ಮತ್ತೆ ಕರೀಲಿ ಅಂತ ನೀನೇ ಮಾಡಿಟ್ಟು ಹೋಗಿದೀಯ,” ಕೋದಂಡರಾಮಪ್ಪನವರ ದನಿ ಏರಿತು. “ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತಲ್ಲೋ! ಮುಳಬಾಗಿಲಿಂದ ಕೋಲಾರದವರೆಗೂ ಯಾರೂ ನಿನ್ನ ಕೈಗೆ ಒಂದು ಗಾಡಿ ಕೊಡಬಾರದು, ಹಂಗೆ ಹೇಳ್ತೀನಿ ನಾನು!”

ಮುನಿಕೃಷ್ಣ ಎದ್ದು ನಿಂತ. “ನನ್ನಿಂದಾನೇ ಆಗಿರ್ಬೇಕು ಯಜಮಾನ್ರೆ,” ಎಂದ ನಿಧಾನವಾಗಿ. “ಕಂಬಿ ತಗುಲಿರ್ಬಹುದು. ತಪ್ಪಾಯ್ತು.”

“ಸುಳ್ಳು!”

ಗಂಗರತ್ನ ಒಳಗೆ ಬಂದಿದ್ದಳು. “ಅವರು ಸುಳ್ಳು ಹೇಳ್ತಿದಾರೆ ಅಪ್ಪಾ. ಅದನ್ನ ಮಾಡಿದ್ದು ನಾನು. ಕುಟ್ಟಾಣಿ ಗುಂಡಲ್ಲಿ.”

“ನೀನಾ? ಯಾಕೆ?”

“ಇವರು ಇನ್ನೊಂದ್ಸಲ ಬರ್ಲಿ ಅಂತ.”

ಕೋದಂಡರಾಮಪ್ಪನವರು ಮಗಳನ್ನು ನೋಡಿದರು. ಮುನಿಕೃಷ್ಣನನ್ನು ನೋಡಿದರು. ಆಮೇಲೆ ಕೈಯಲ್ಲಿದ್ದ ತೋತಾಪುರಿಯನ್ನು ಏನು ಮಾಡಬೇಕೆಂದು ತಿಳಿಯದೆ ಕಾರಿನ ಟಾಪಿನ ಮೇಲೆ ಇಟ್ಟರು.

“ಇದನ್ನ ತೆಗೆಯೋಕೆ ಎಷ್ಟು ಹೊತ್ತು ಬೇಕು?” ಎಂದು ಅವನನ್ನು ಕೇಳಿದರು.

“ಅರ್ಧ ಗಂಟೆ ಸಾಕು ಯಜಮಾನ್ರೆ.”

“ತೆಗಿ. ನನಗೆ ಮಾಲೂರಿಗೆ ಹೊತ್ತಾಗುತ್ತೆ.”

ಗಂಗರತ್ನ ಕಣ್ಣು ಮುಚ್ಚಿದಳು. ಚೀಲದಿಂದ ಕಂಬಿ ಹೊರಬಂದ ಸದ್ದು ಕೇಳಿಸಿತು. ಅವನು ಮತ್ತೆ ಮಂಡಿಯೂರಿದ್ದೂ ತಿಳಿಯಿತು. ಇನ್ನು ಬಾಗಿಲ ಗಾಜಿನ ಸಂದಿಯಿಂದ ಕಂಬಿ ಒಳಗಿಳಿಯುತ್ತದೆ, ಗೆರೆ ನೆಟ್ಟಗಾಗುತ್ತದೆ, ಕಾರು ಹೊರಡುತ್ತದೆ. ಅವಳು ಕಾದಳು. ಕಂಬಿಯನ್ನು ನೆಲಕ್ಕಿಟ್ಟ ಸದ್ದಾಯಿತು.

“ಆಗಲ್ಲ ಯಜಮಾನ್ರೆ.”

“ಯಾಕೆ, ಕಷ್ಟವಾ?”

“ಕಷ್ಟ ಇಲ್ಲ. ಇದುವರೆಗೂ ನಾನು ತೆಗೆದ ನೆಗ್ಗೆಲ್ಲ ಯಾರಿಗೂ ಬೇಡವಾಗಿದ್ದು. ಇದು ನನಗೆ ಬೇಕು.” ಅವನು ಎದ್ದು ನಿಂತ. “ಬುಧವಾರ ಹೇಳೋಕೆ ಧೈರ್ಯ ಆಗ್ಲಿಲ್ಲ. ಬಾಯಿ ಮುಚ್ಕೊಂಡು ಹೋಗ್ಬಿಟ್ಟೆ. ನಿಮ್ಮ ಮಗಳು ಅಂದ್ರೆ ನನಗೆ ಪ್ರಾಣ. ಬೇರೆಯವರನ್ನ ಕರ್ಕೊಂಡು ಬರೋಕೆ ಈ ಕಾರನ್ನ ನನ್ನ ಕೈಯಾರೆ ಸರಿ ಮಾಡಿಕೊಡೋಕೆ ಇನ್ನು ನನ್ನಿಂದ ಆಗಲ್ಲ. ನೀವು ಬೈಯಿರಿ, ಹೊಡೀರಿ.”

ಕೋದಂಡರಾಮಪ್ಪನವರು ಬೈಯಲೂ ಇಲ್ಲ, ಹೊಡೆಯಲೂ ಇಲ್ಲ. ಅಕ್ಕನ ಕಡೆ ತಿರುಗಿದರು. ಅಂಜಮ್ಮ ಅಷ್ಟು ಹೊತ್ತಿಗೆ ಬಂದು ಹೊಸಿಲಲ್ಲಿ ನಿಂತಿದ್ದರು.

“ನಿನಗೆ ಗೊತ್ತಿತ್ತಾ ಅಕ್ಕಾ?”

“ನಿನಗೊಬ್ಬನಿಗೆ ಬಿಟ್ಟು ಎಲ್ಲಾರಿಗೂ ಗೊತ್ತಿತ್ತು ಕಣೋ ಕೋದಂಡ. ನೀನು ಬರೀ ಬಣ್ಣ ನೋಡ್ತಿದ್ದೆ. ಹೆಸರಿಗೆ ಮಸಿ ಬಿದ್ರೂ ಬೀಳ್ಲಿ ಅಂತ ಇವಳ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಂಡ್ನಲ್ಲ, ಅಂಥ ಹುಡುಗ ಮಾಲೂರಲ್ಲಿ ಸಿಗ್ತಾನಾ?”

ಕೋದಂಡರಾಮಪ್ಪನವರು ಶಲ್ಯ ಸರಿಮಾಡಿಕೊಂಡರು. ಟಾಪಿನ ಮೇಲಿದ್ದ ಕಾಯಿಯನ್ನು ಅಕ್ಕನ ಕೈಗೆ ಕೊಟ್ಟರು. ಕಾರಿನ ಬಾಗಿಲು ತೆಗೆದು ಒಳಗೆ ಕುಳಿತರು.

“ಅಪ್ಪಾ...” ಎಂದಳು ಗಂಗರತ್ನ.

“ಮಾತು ಕೊಟ್ಟೋನು ನಾನು. ಬರಬೇಡಿ ಅಂತ ನಾನೇ ಹೋಗಿ, ಮುಖಕ್ಕೆ ಮುಖ ಕೊಟ್ಟು ಹೇಳ್ಬೇಕು. ಕಂಡಕ್ಟರ್ ಕೈಲಿ ಹೇಳಿ ಕಳಿಸೋ ಮಾತಲ್ಲ ಇದು.” ಕಾರು ಸ್ಟಾರ್ಟ್ ಮಾಡಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, ಇನ್ನೂ ಗಡುಸಾದ ದನಿಯಲ್ಲೇ ಕೇಳಿದರು. “ಏನಯ್ಯಾ, ನಿಮ್ಮಪ್ಪ ಭಾನುವಾರ ಮನೇಲಿರ್ತಾರಾ?”

“ಇ... ಇರ್ತಾರೆ ಯಜಮಾನ್ರೆ.”

“ಇರೋಕೆ ಹೇಳು.”

ಕಾರು ಗುಡುಗುಡು ಎನ್ನುತ್ತ ಹೊರಗೆ ಹೋಯಿತು. ಅಂಜಮ್ಮನವರಿಗೆ ಇದ್ದಕ್ಕಿದ್ದಂತೆ ಅಡಿಗೆಮನೆಯಲ್ಲಿ ಹಾಲು ಉಕ್ಕುವ ನೆನಪಾಗಿ ಅವರೂ ಹೋದರು.

ಖಾಲಿ ಶೆಡ್ಡಿನಲ್ಲಿ ಇಬ್ಬರೇ ಉಳಿದರು. ಇಬ್ಬರ ಕಣ್ಣೂ ಅಭ್ಯಾಸಬಲದಿಂದ ಕಾರು ನಿಂತಿದ್ದ ಕಡೆಗೇ ಹೋಯಿತು. ಅಲ್ಲಿ ಎಣ್ಣೆಯ ಕಲೆ, ಒಂದಿಷ್ಟು ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಎಲ್ಲಿ ನೋಡಬೇಕೆಂದು ತಿಳಿಯದೆ ಮುನಿಕೃಷ್ಣ ತನ್ನ ಕಾಲಬೆರಳು ನೋಡಿಕೊಂಡ.

“ನಾನು ಇಲ್ಲಿದೀನಿ,” ಎಂದಳು ಗಂಗರತ್ನ.

ಅವನು ತಿರುಗಿದ. ಅವನ ಕಣ್ಣು ಕಪ್ಪಲ್ಲ, ಜೇನಿನ ಬಣ್ಣದ್ದು ಎಂದು ಅವಳಿಗೆ ಆಗಲೇ ಗೊತ್ತಾದದ್ದು. ಇಷ್ಟು ದಿನ ಆ ಬಣ್ಣ ಕಾಣಿಸಿಯೇ ಇರಲಿಲ್ಲ. ಅವನು ನೋಡುತ್ತಲೇ ಇದ್ದ, ಅವಳೂ ಕಣ್ಣಿಳಿಸಲಿಲ್ಲ.

“ಏನು, ಹಂಗೆ ನೋಡ್ತಿದೀರ?”

“ಕಾರಲ್ಲಿ ನೀವು ದೂರ ಕಾಣ್ತಿದ್ರಿ,” ಎಂದ ಅವನು. “ಇಷ್ಟು ಹತ್ತಿರ ಇದ್ರಾ?”